ಸೋಂಪಿನ ರೊಟ್ಟಿ

ಸಲೆ ಎಂಬ ಊರಿನ ನಮ್ಮ ಹಳೆಯ ಓಣಿಯಲ್ಲಿ ಹಿಟ್ಟು ನಾದುವುದು ಮನೆಯಲ್ಲಿ, ಬೇಯಿಸುವುದು ಓಣಿಯ ಕೊನೆಯ ಒಲೆಮನೆಯಲ್ಲಿ. ಯಾರ ರೊಟ್ಟಿ ಯಾರದೆಂದು ತಿಳಿಯಲು ಮನೆಗೊಂದು ಗುರುತು. ಅಮ್ಮ ಹಸಿ ಹಿಟ್ಟಿನ ಮೇಲೆ ಬಾಗಿಲ ಬೀಗದ ಕೈ ಒತ್ತುತ್ತಾಳೆ. ಪಕ್ಕದ ಮನೆಯ ಝೋರ್ ಫೋರ್ಕಿನಿಂದ ಚುಚ್ಚುತ್ತಾಳೆ.

ಆ ವಾರ ರೊಟ್ಟಿಯ ಹಲಗೆ ಹೊರುವ ಕೆಲಸ ನನಗೆ ಸಿಕ್ಕಿತ್ತು. ಅಮ್ಮ ಅಣ್ಣನೊಂದಿಗೆ ಜಗಳವಾಡಿ ಕೊಡಿಸಿದ್ದಳು.

"ಮಾತ್ರೆ ತಗೊಂಡು ಎಷ್ಟೋ ತಿಂಗಳಿಂದ ಸರಿಯಾಗಿದಾಳಲ್ಲೋ ಇದ್ರಿಸ್. ಒಲೆಮನೆಗಾದ್ರೂ ಹೋಗಿ ಬರ್ಲಿ."

"ಹೋಗ್ಲಿ. ಆದ್ರೆ ಇನ್ನೊಂದ್ಸಲ ಓಣೀಲಿ ಮಾನ ಕಳೆದ್ರೆ ಸೀದಾ ದರ್ಗಾಕ್ಕೆ. ವಾಪಸ್ ಕರ್ಕೊಂಡು ಬರೋಕೆ ನಾನಂತೂ ಹೋಗಲ್ಲ."

ದರ್ಗಾದಲ್ಲಿ ಮೈಹೊಕ್ಕ ಜಿನ್ ಬಿಡಿಸುತ್ತಾರೆ. ಹಿಂದೊಮ್ಮೆ ಅಲ್ಲಿದ್ದೆ. ಸರಪಳಿ ಉಜ್ಜಿದ ಕಡೆ ಕಾಲಿನ ಚರ್ಮ ಇಂದಿಗೂ ಕಪ್ಪು. ಸ್ಕಿಜೋಫ್ರೇನಿಯಾ ಎಂದು ಡಾಕ್ಟರು ಹೆಸರಿಟ್ಟದ್ದು ಆಮೇಲೆ. ಓಣಿಯವರಿಗೆ ಆ ಹೆಸರು ಬೇಕಿರಲಿಲ್ಲ. ಕಾಯಿಲೆ ಜೋರಾಗಿದ್ದಾಗ ನಾನು, "ಇದು ನಮ್ಮ ರೊಟ್ಟಿಯಲ್ಲ, ವಿಷ ಹಾಕಿದಾರೆ" ಎಂದು ಕೂಗಿ ರೊಟ್ಟಿಯನ್ನು ಓಣಿಗೆ ಎಸೆದಿದ್ದೆ. ನೆಲಕ್ಕೆ ಬಿದ್ದ ತುಣುಕನ್ನೂ ಎತ್ತಿ ಮುತ್ತಿಟ್ಟು ಗೋಡೆಯ ಮೇಲಿಡುವ ಊರು ನಮ್ಮದು. ಜನ ಅದನ್ನು ಮರೆತಿರಲಿಲ್ಲ.

ಆ ದಿನ ಒಲೆಮನೆಯ ಅಲ್ಲಾಲ್ ಕಾಕಾ ಹಲಗೆಯನ್ನು ನನ್ನ ಮುಂದೆ ಸರಿಸಿದ. ರೊಟ್ಟಿಗಳು ಉಬ್ಬಿ, ಮೇಲೆಲ್ಲ ಸೀದು, ಗುರುತು ಅಳಿಸಿಹೋಗಿತ್ತು. ಬಟ್ಟೆ ಮುಚ್ಚಲು ಬಗ್ಗಿದೆ. ಸೋಂಪಿನ ವಾಸನೆಯೇ ಇಲ್ಲ. ಬೆಳಿಗ್ಗೆ ಹಿಟ್ಟಿಗೆ ಸೋಂಪು ಕುಟ್ಟಿ ಹಾಕಿದವಳು ನಾನೇ.

ಮೊದಲು ನನ್ನನ್ನೇ ಅನುಮಾನಿಸಿದೆ. ಇಲ್ಲದ ವಾಸನೆ ಬರುವುದುಂಟು ನನ್ನ ಕಾಯಿಲೆಯಲ್ಲಿ. ಇರುವ ವಾಸನೆ ಬಾರದಿರುವುದೂ ಉಂಟೇ? ಇನ್ನೊಮ್ಮೆ ಮೂಸಿದೆ.

"ಕಾಕಾ, ಇದು ನಮ್ದಲ್ಲ ಅನ್ಸುತ್ತೆ," ಎಂದೆ, ಆದಷ್ಟು ಮೆಲ್ಲಗೆ.

ಕಾಕಾನ ಕೈಯಲ್ಲಿದ್ದ ಉದ್ದ ಸಲಿಕೆ ನಿಂತಿತು. ಹಿಂದಿದ್ದ ಹೆಂಗಸು ಮಗಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಳು.

"ಶುರುವಾಯ್ತು ನೋಡ್ರೇ," ಎಂದಳು ಇನ್ನೊಬ್ಬಳು. "ಬಿಸ್ಮಿಲ್ಲಾ ಅನ್ರಿ."

"ಬತೂಲ್, ಮಗಳೇ," ಕಾಕಾ ಕೂಸನ್ನು ರಮಿಸುವಂತೆ ಕೇಳಿದ, "ಮಾತ್ರೆ ನುಂಗಿದ್ಯಾ ಇವತ್ತು?"

"ನುಂಗಿದೀನಿ ಕಾಕಾ. ತಪ್ಪಾಯ್ತು, ನಮ್ದೇ ಇದು."

ನಕ್ಕೆ. ಹೆಚ್ಚಾಯಿತೇನೋ ಅನ್ನಿಸಿ ಥಟ್ಟನೆ ನಿಲ್ಲಿಸಿದೆ. ಅವರ ಮುಖ ನೋಡಿದರೆ ನಿಲ್ಲಿಸಿದ್ದೂ ತಪ್ಪಾದಂತಿತ್ತು.

ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಇದ್ರಿಸ್ ಹೊಸ್ತಿಲಲ್ಲೇ ನಿಂತಿದ್ದ. "ಏನೋ ಗಲಾಟೆಯಂತೆ?"

"ಏನಿಲ್ಲ ಅಣ್ಣ."

ಅಮ್ಮ ಒಂದು ರೊಟ್ಟಿ ಮುರಿದು ಬಾಯಿಗಿಟ್ಟಳು. ಅಗಿಯುವುದು ಅರೆಕ್ಷಣ ನಿಂತಿತು. ನನ್ನನ್ನು ನೋಡಿದಳು, ಮಗನನ್ನು ನೋಡಿದಳು, ನುಂಗಿದಳು.

"ನಮ್ದೇ ಕಣೋ. ಚೆನ್ನಾಗಿ ಬೆಂದಿದೆ."

ಅಷ್ಟರಲ್ಲಿ ಝೋರ್ ಬಂದಳು, ತಲೆಯ ಮೇಲೆ ಹಲಗೆ ಹೊತ್ತು. ಅಮ್ಮನನ್ನು ಅವಳು ಕರೆಯುವುದು ಲಲ್ಲಾ, ಅಂದರೆ ಅಕ್ಕಾವ್ರೇ ಎಂದು.

"ಲಲ್ಲಾ, ಆ ಅಲ್ಲಾಲ್‌ಗೆ ಕಣ್ಣು ಕಾಣಲ್ವೇನೋ! ನಮ್ಮನೇಲಿ ರೊಟ್ಟಿ ಮುರಿದ್ರೆ ಸೋಂಪು. ಸೋಂಪು ಅಂದ್ರೆ ನನ್ನ ಗಂಡ ನಮ್ಮಮ್ಮನ್ನ ಕಂಡಂಗೆ ಓಡ್ತಾನೆ. ನನ್ ರೊಟ್ಟಿ ಕೊಡಿ ಮತ್ತೆ."

ಬಾಯಿ ತಡೆಯಲಿಲ್ಲ. "ನಾನು ಅಲ್ಲೇ ಹೇಳಿದ್ನಲ್ಲ!"

ಝೋರ್‌ಳ ನಗು ಇಂಗಿತು. "ಮುರೀದೇನೇ ಹೆಂಗೆ ಗೊತ್ತಾಯ್ತು ನಿಂಗೆ?"

"ವಾಸನೆ..."

"ಆ ಹೊಗೇಲಾ? ನಂಗೇ ಬರ್ಲಿಲ್ಲ." ಅವಳು ಇದ್ರಿಸ್ ಕಡೆ ತಿರುಗಿ ದನಿ ತಗ್ಗಿಸಿದಳು. "ಹೇಳಿರ್ಬೇಕು ಕಣಪ್ಪಾ. ಅವಳ ಒಳಗಿರೋರು."

ತನ್ನ ರೊಟ್ಟಿ ಎತ್ತಿಕೊಂಡು ಹೋದಳು. ಮುರಿದಿದ್ದ ಒಂದನ್ನು ಮಾತ್ರ ನಮಗೇ ಬಿಟ್ಟಳು.

"ಅವಳು ಹೇಳಿದ್ದೇ ನಿಜ ಆಯ್ತಲ್ಲೋ!" ಎಂದಳು ಅಮ್ಮ.

"ಅದೇ ನಂಗೆ ಹೆದ್ರಿಕೆ, ಅಮ್ಮಾ. ಶುಕ್ರವಾರ ದರ್ಗಾಕ್ಕೆ ಗಾಡಿ ಹೇಳ್ತೀನಿ."

"ಬೇಡ್ವೋ..."

ಅವನು ಝೋರ್ ತಂದ ಹಲಗೆಯಿಂದ ಒಂದು ರೊಟ್ಟಿ ತೆಗೆದು ನನ್ನ ಕಣ್ಣೆದುರೇ ಮುರಿದು, ತುಂಡನ್ನು ಮುಂದೆ ಹಿಡಿದ. ಕೋಣೆಯ ತುಂಬ ಸೋಂಪು.

"ಹೇಳು ಬತೂಲ್. ಇದು ಯಾರ ರೊಟ್ಟಿ?"

ನಮ್ಮದು ಎಂದರೆ ಜಿನ್ ಹೇಳಿಕೊಟ್ಟಿತು ಅನ್ನುತ್ತಾನೆ. ಗೊತ್ತಿಲ್ಲ ಎಂದರೆ ಬುದ್ಧಿ ಕೆಟ್ಟಿದೆ. ಅಮ್ಮ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡುತ್ತಿದ್ದಳು.

ತುಂಡನ್ನು ತೆಗೆದುಕೊಂಡು ಇಡಿಯಾಗಿ ಬಾಯಿಗೆ ತುರುಕಿಕೊಂಡೆ. ಬಾಯಲ್ಲಿ ತುತ್ತಿರುವ ತನಕ ಉತ್ತರ ಕೊಡಬೇಕಿಲ್ಲ. ಆದಷ್ಟು ನಿಧಾನವಾಗಿ ಅಗಿಯತೊಡಗಿದೆ.