ಹುಲ್ಲು ತಿಂದ ರೋಗಿಗಳು

ಗುಡ್ಡಗಾಡಿನ ನರಿನ್ ಊರಿನ ಆಸ್ಪತ್ರೆಯ ಡಾಕ್ಟರ್ ಕಲೀಪಾ, ಕುರಿಗಾಹಿಗಳ ಮಕ್ಕಳ ಯಕೃತ್ತಿನಲ್ಲಿ ಬೆಳೆಯುವ ನೀರುಗುಳ್ಳೆಗಳ ಬಗ್ಗೆ ವರ್ಷಗಟ್ಟಲೆ ದುಡಿದು ಪ್ರಬಂಧ ಬರೆದಳು. ಅದನ್ನು ರಾಜಧಾನಿ ಬಿಷ್ಕೆಕ್‌ನಲ್ಲಿದ್ದ ತನ್ನ ಮಾರ್ಗದರ್ಶಕ ಎಸೆನ್‌ಗುಲ್‌ಗೆ ಓದಲು ಕೊಟ್ಟಳು. "ಇನ್ನೂ ಹಣ್ಣಾಗಿಲ್ಲ ಮಗಳೇ, ಸ್ವಲ್ಪ ತಡಿ," ಎನ್ನುತ್ತ ಅವನು ಇಟ್ಟುಕೊಂಡೇ ಇದ್ದ. ಕೊನೆಗೆ ಅದು ಅವನದೇ ದೊಡ್ಡ ಡಾಕ್ಟರೇಟ್ ಪ್ರಬಂಧವಾಗಿ, ಮಂಡನೆಗೆ ಮೊದಲು ಗ್ರಂಥಾಲಯದಲ್ಲಿ ಓದಲು ಸಿಗುವಂತೆ, ಹೊರಬಂತು. ಹಿಂದಿನ ಪುಟಗಳ ಆಧಾರಗಳಲ್ಲಿ ಸತ್ತವರು, ಇದ್ದವರು ಎಲ್ಲರ ಹೆಸರೂ ಇತ್ತು, ಅವಳದೊಂದು ಬಿಟ್ಟು.

ಅವಳು ಅವನ ಕೋಣೆಗೆ ಹೋಗಿ, ಗುರುವನ್ನು ಕರೆಯುವ ಗೌರವದ ಮಾತಿನಲ್ಲೇ ಕೇಳಿದಳು. "ಅಗಾಯ್, ನನ್ನ ಹೆಸರೆಲ್ಲಿ?"

ಅವನು ಬಟ್ಟಲಿಗೆ ಚಹಾ ಬಗ್ಗಿಸುತ್ತ ನಕ್ಕ. "ಕುರಿ ವಾಸನೆ ಹೊಡೆಯೋ ಹುಡುಗಿ ಮಾತು ಯಾರು ನಂಬ್ತಾರೆ? ಹೋಗು, ಚೆನ್ನಾಗಿರೋ ಗಂಡನ್ನ ನೋಡಿ ಮದುವೆ ಆಗು."

ಅವಳು ಚಹಾ ಮುಟ್ಟದೆ ಎದ್ದಳು. ನೇರ ಗ್ರಂಥಾಲಯಕ್ಕೆ ಹೋಗಿ, ಅವನ ಪ್ರಬಂಧವನ್ನು ಹಲ್ಲು ಕಚ್ಚಿಕೊಂಡು ಸಾಲುಸಾಲಾಗಿ ಓದಿದಳು. ಒಂದು ಕಡೆ ಅವಳ ಬೆರಳು ನಿಂತಿತು. ಮಕ್ಕಳಿಗೆ ಕೊಡಬೇಕಾದ ಔಷಧಿಯ ಪ್ರಮಾಣಕ್ಕೆ ಹಳೆಯ ರಷ್ಯನ್ ಲೇಖನವೊಂದರ ಆಧಾರವಿತ್ತು. ಕರಡು ಬರೆಯುವಾಗ ಅವಳೇ ಅದನ್ನು ಇನ್ನಾರದೋ ಪುಸ್ತಕದಿಂದ ಎತ್ತಿಕೊಂಡಿದ್ದಳು, ಮೂಲ ನೋಡಿರಲಿಲ್ಲ. ಆಮೇಲೆ ಅಲ್ಮಾಟಿಯ ಗ್ರಂಥಾಲಯದಲ್ಲಿ ಮೂಲ ಸಿಕ್ಕಾಗ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಅದು ಮಕ್ಕಳ ಮೇಲಿನ ಪ್ರಯೋಗವೇ ಅಲ್ಲ. ತನ್ನ ವಾರ್ಡಿನಲ್ಲಿ ಆ ಪ್ರಮಾಣ ಕೊಡುವ ಮೊದಲೇ ತಿಳಿದದ್ದು ಪುಣ್ಯ. ತಿದ್ದಬೇಕೆನ್ನುವಷ್ಟರಲ್ಲಿ ಪ್ರಬಂಧ ಅವನ ಪಾಲಾಗಿತ್ತು.

ಈಗ ಹೇಳಿದರೆ ಅವನು ತಿದ್ದಿಕೊಳ್ಳುತ್ತಾನೆ. ಕಲೀಪಾ ಬಾಯಿ ಬಿಡಲಿಲ್ಲ.

ಪ್ರಬಂಧ ಮಂಡನೆಯ ದಿನ ಸಭಾಂಗಣ ಅವನ ನೆಂಟರಿಂದ ತುಂಬಿತ್ತು. ಹೊದಿಸಲು ಕಸೂತಿಯ ನಿಲುವಂಗಿ ತಂದಿದ್ದರು, ಔತಣಕ್ಕೆ ಕುದುರೆ ಕೊಯ್ದಿದ್ದರು. ಪ್ರಶ್ನೆಗಳಿವೆಯೇ ಎಂದು ಪರೀಕ್ಷಾ ಮಂಡಳಿಯ ಅಧ್ಯಕ್ಷೆ ಬುಬುಸಾರಾ ಕೇಳಿದಾಗ ಹಿಂದಿನ ಸಾಲಿನಿಂದ ಕಲೀಪಾ ಎದ್ದಳು.

"ಅಗಾಯ್, ಔಷಧಿ ಪ್ರಮಾಣಕ್ಕೆ ಕೊಟ್ಟಿರೋ ಆಧಾರ ನೀವೇ ಓದಿದ್ರಾ?"

"ನೀನು ತೊಟ್ಟಿಲಲ್ಲಿದ್ದಾಗಲೇ ಓದಿದ್ದೆ ಕಣಮ್ಮ." ನೆಂಟರು ನಕ್ಕರು.

"ರೋಗಿಗಳು ಎಂಥವರು?"

"ಮಕ್ಕಳು. ಬಡ ಮಕ್ಕಳು."

"ಏನು ತಿಂತಿದ್ರು?"

"ಇದೆಂಥಾ ಪ್ರಶ್ನೆ?"

"ಹುಲ್ಲು ತಿಂತಿದ್ರು, ಅಗಾಯ್. ಅವು ಕುರಿಗಳು." ಅವಳು ಮೂಲ ಲೇಖನದ ಪ್ರತಿಯನ್ನು ಅಧ್ಯಕ್ಷೆಯ ಮುಂದಿಟ್ಟಳು.

ಬುಬುಸಾರಾ ಕನ್ನಡಕ ಏರಿಸಿ ಓದಿದಳು. "ಕುರಿ ಲೆಕ್ಕದಲ್ಲಿ ಮಕ್ಕಳಿಗೆ ಔಷಧಿ ಬರ್ದಿದೀರಲ್ರೀ! ಇದು ಪುಸ್ತಕವಾಗಿ ಆಸ್ಪತ್ರೆಗಳಿಗೆ ಹೋಗಿದ್ರೆ ಏನು ಗತಿ?"

ಎಸೆನ್‌ಗುಲ್‌ನ ಮುಖ ಕೆಂಪೇರಿತು. ಅವನು ಕಲೀಪಾಳತ್ತ ಕೈ ತೋರಿಸಿ ಕಿರುಚಿದ. "ಆ ತಪ್ಪು ನಂದಲ್ಲ! ಅವಳು ಬರ್ದಿದ್ದೇ ಹಾಗೆ!"

ನೆಂಟರೊಬ್ಬರು ನಿಲುವಂಗಿಯನ್ನು ಮೆಲ್ಲಗೆ ಮಡಚತೊಡಗಿದರು.

"ಅವಳು ಬರ್ದಿದ್ದಾ?" ಬುಬುಸಾರಾ ನಿಧಾನವಾಗಿ ಕೇಳಿದಳು. "ಹಾಗಾದ್ರೆ ಮಿಕ್ಕಿದ್ದು?"

ಉತ್ತರ ಕಲೀಪಾ ಕೊಟ್ಟಳು, ಅಧ್ಯಾಯ ಅಧ್ಯಾಯವಾಗಿ.

ಪ್ರಬಂಧ ಅಲ್ಲೇ ತಿರಸ್ಕೃತವಾಯಿತು, ಮುಂದೆ ಅವನು ಹುದ್ದೆಯನ್ನೂ ಬಿಡಬೇಕಾಯಿತು. ಮಂಡಳಿ ಅವಳನ್ನೂ ಬಿಡಲಿಲ್ಲ. ಮೂಲ ನೋಡದೆ ಆಧಾರ ಕೊಟ್ಟವಳು ಎಲ್ಲವನ್ನೂ ಮೊದಲಿಂದ ಪರಿಶೀಲಿಸಿ ಬರೆಯಲಿ ಎಂದಿತು. ಅವಳು ಒಪ್ಪಿಕೊಂಡಳು.

ಮಂಡನೆಯ ದಿನವೇ, ಸಭೆ ಮುಗಿದ ಮೇಲೆ, ಹೊರಗೆ ಮೆಟ್ಟಿಲ ಬಳಿ ಎಸೆನ್‌ಗುಲ್ ಅಡ್ಡ ನಿಂತಿದ್ದ. "ನಿನ್ನ ಮನೆಗೂ ಬೆಂಕಿ ಹಚ್ಕೊಂಡ್ಯಲ್ಲೇ, ಹುಚ್ಚಿ!"

"ನಂದು ಸಣ್ಣ ಗುಡಿಸಲು, ಮತ್ತೆ ಕಟ್ಕೋತೀನಿ," ಎಂದಳು ಕಲೀಪಾ. "ನಿಮ್ಮದು ಚೆನ್ನಾಗಿ ಉರೀತು, ಅಗಾಯ್."

ಬೀದಿಗಿಳಿದಾಗ ಅಳು ಬರುತ್ತದೆಂದುಕೊಂಡಿದ್ದಳು. ಬಂದದ್ದು ಹಸಿವು. ಮೂಲೆಯ ತಂದೂರಿನವನ ಹತ್ತಿರ ಮಾಂಸ ತುಂಬಿದ ಬಿಸಿ ಸಮ್ಸಾ ಕೊಂಡು, ನಾಲಿಗೆ ಸುಟ್ಟರೂ ಬಿಡದೆ, ನಿಂತಲ್ಲೇ ತಿಂದಳು.