ಕೆರೆ ದಾಟಿ ತಂದ ನೀರು

ಎಂಬತ್ತಮೂರನೇ ಇಸವಿಯ ಏಪ್ರಿಲ್ಲಿನಲ್ಲಿ ಆಕಾಶದಲ್ಲಿ ಒಂದು ಮೋಡವನ್ನೂ ಕಂಡವರಿಲ್ಲ. ಅಶ್ವಿನಿ ಮಳೆ ಒಂದು ಹನಿಯೂ ಬೀಳಲಿಲ್ಲ. ಕಾಡುಗೋಡಿಯಾಚೆಗಿನ ಆ ಊರಿನ ಕೆರೆ ಯುಗಾದಿಗೆ ಮೊದಲೇ ಒಣಗಿ ಬಿರುಕುಬಿಟ್ಟಿತ್ತು. ಮೆಟ್ಟಿಲುಬಾವಿಯ ತಳದಲ್ಲಿ ಕೆಸರು. ಬೆಳಕು ಹರಿಯುವ ಮೊದಲೇ ಹೆಂಗಸರು ಬಿಂದಿಗೆ ಹಿಡಿದು ಸರದಿಗೆ ಕೂರುತ್ತಿದ್ದರು, ಜಗಳವಾಡುತ್ತಿದ್ದರು.

ಮಾರಕ್ಕನಿಗೆ ನಲವತ್ತೆರಡು. ಮದುವೆಯಾದ ನಾಲ್ಕನೇ ವರ್ಷ ಗಂಡ ತೀರಿಕೊಂಡ ಮೇಲೆ ತಮ್ಮ ಚಿಕ್ಕಬೈರಪ್ಪನ ಮನೆಗೆ ಬಂದವಳು ಅಲ್ಲೇ ಉಳಿದುಬಿಟ್ಟಳು. ಯಾರೂ ಅವಳನ್ನು ಬೈಯುತ್ತಿರಲಿಲ್ಲ. ಆದರೆ ಕೂತು ಮಾತಾಡಿಸುವವರೂ ಇರಲಿಲ್ಲ. "ಅತ್ಗೆ, ದನ ಕಟ್ಟಿದ್ರಾ?" ಎಂದು ತಮ್ಮನ ಹೆಂಡತಿ ಕೃಷ್ಣಮ್ಮ ಕೇಳಿದರೆ, "ಕಟ್ದೆ" ಎನ್ನುವಳು. ಆ ದಿನಕ್ಕೆ ಅಷ್ಟೇ ಮಾತು.

ಒಂದು ಮಧ್ಯಾಹ್ನ ಹಸು ಹಗ್ಗ ಕಿತ್ತುಕೊಂಡು ಕೆರೆಯಂಗಳಕ್ಕೆ ಇಳಿಯಿತು. ಮಾರಕ್ಕ ಸೆರಗನ್ನು ತಲೆಗೆ ಹೊದ್ದು ಅದರ ಹಿಂದೆ ಓಡಿದಳು. ಆಚೆ ದಡದಲ್ಲಿ ಬೆಂಗಳೂರಿನ ಯಾರೋ ಸಾಹುಕಾರರು ಕಾರ್ಖಾನೆಗೆಂದು ಕಟ್ಟಿಸಿದ್ದ ಶೆಡ್ಡಿತ್ತು. ಕರೆಂಟು ಸಿಗದೆ ಯಂತ್ರಗಳಿನ್ನೂ ಬಂದಿರಲಿಲ್ಲ. ಏರಿಯ ಮೇಲೆ ಬಳಸಿ ಹೋದರೆ ಮೂರು ಮೈಲಿ. ಈಗ ಅಂಗಳದಲ್ಲಿ ನೇರ ನಡೆದರೆ ಅರ್ಧ ಗಂಟೆ. ಹಸು ಅಲ್ಲಿನ ಕೈಪಂಪಿನ ಕೆಳಗೆ ನಿಂತು ನೀರು ಕುಡಿಯುತ್ತಿತ್ತು. ಕಾವಲುಗಾರ ಪಂಪು ಒತ್ತುತ್ತಿದ್ದ.

"ಬಯ್ಬೇಡಿ ಅಕ್ಕ. ಪಾಪ, ಬಾಯಾರಿತ್ತು," ಎಂದ.

"ಅಣ್ಣಾ, ನಾಳೆ ಒಂದ್ ಬಿಂದ್ಗೆ ನೀರು ಇಡ್ಕೊಂಡೋಗ್ಲಾ?"

"ಅದ್ಕೇನಂತೆ, ಬನ್ನಿ."

ಅವನ ಹೆಸರು ನಲ್ಲಪ್ಪ, ಮಾಲೂರಿನ ಕಡೆಯವನು. ಹೆಂಡತಿ ಇಲ್ಲ, ಒಬ್ಬಳೇ ಮಗಳು ಮದುವೆಯಾಗಿ ದೂರ ಹೋಗಿದ್ದಳು. ಮೂರು ತಿಂಗಳಿಂದ ಆ ಖಾಲಿ ಶೆಡ್ಡಿನಲ್ಲಿ ಒಬ್ಬನೇ ಇದ್ದ. "ಒಳ್ಗೆ ನಿಂತು ಕೂಗಿದ್ರೆ ನನ್ ದನೀನೇ ವಾಪಸ್ ಬರ್ತದೆ," ಎಂದು ನಕ್ಕ.

ಮಾರಕ್ಕ ಮಾರನೆಯ ದಿನ ಹೋದಳು, ಅದರ ಮಾರನೆಯ ದಿನವೂ ಹೋದಳು. ಬಿಸಿಲಿಗೆ ಹೆದರಿ ಊರು ಬಾಗಿಲು ಮುಚ್ಚಿಕೊಂಡಿರುವ ಹೊತ್ತು ನೋಡಿ ಹೊರಡುವಳು. ಬಿಂದಿಗೆ ತುಂಬಿದ ಮೇಲೂ ಗೋಡೆಯ ನೆರಳಿನಲ್ಲಿ ಸ್ವಲ್ಪ ಹೊತ್ತು ಕೂರುವಳು. ಒಂದು ದಿನ ಅವನು ಕೇಳಿದ: "ನಿಮ್ ಯಜಮಾನ್ರು ಎಂಗಿದ್ರು?"

ಇಪ್ಪತ್ತು ವರ್ಷಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

"ಎತ್ತರಕ್ಕಿದ್ರು. ಉರುಳಿಕಾಳಿನ ಸಾರು ಅಂದ್ರೆ ಪ್ರಾಣ," ಎಂದಳು. ಎಷ್ಟು ಯೋಚಿಸಿದರೂ ಬೇರೇನೂ ನೆನಪಿಗೆ ಬರಲಿಲ್ಲ. ಅವಳಿಗೆ ಅಳು ಬಂತು. ನಲ್ಲಪ್ಪ ಕೆರೆಯ ಕಡೆ ನೋಡುತ್ತ ಕೂತ.

"ಎಲ್ಲೀದು ಅತ್ಗೆ ಈ ನೀರು? ಸಿಹಿಯಾಗೈತೆ," ಎಂದು ಮನೆಯಲ್ಲಿ ಕೃಷ್ಣಮ್ಮ ಕೇಳಿದಳು.

"ದೂರದಿಂದ ತಂದೆ."

ಕೃಷ್ಣಮ್ಮ ಮುಂದೆ ಕೇಳಲಿಲ್ಲ. ಮಾರಕ್ಕ ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಮೊದಲ ದಿನ ಮರೆತೆ ಎನ್ನಬಹುದಿತ್ತು. ಐದನೆಯ ದಿನದ ಹೊತ್ತಿಗೆ ಅದು ಮರೆವಲ್ಲ ಎಂಬುದು ಅವಳಿಗೇ ಗೊತ್ತಿತ್ತು. ಹೇಳಿದರೆ ಊರೆಲ್ಲ ಅಲ್ಲಿಗೆ ಬರುತ್ತದೆ. ಆ ನೆರಳಿನ ಮಾತು ಮುಗಿಯುತ್ತದೆ.

ಹನ್ನೆರಡನೆಯ ದಿನ ತುಂಬಿದ ಬಿಂದಿಗೆ ಹೊತ್ತು ಬರುತ್ತಿದ್ದಾಗ ಬಾವಿಯೊಳಗೆ ಯಾರೋ ಕೆರೆಯುವ ಸದ್ದು ಕೇಳಿಸಿತು. ಬಗ್ಗಿ ನೋಡಿದಳು. ಹೆರಿಗೆಗೆಂದು ತವರಿಗೆ ಬಂದಿದ್ದ ಪಕ್ಕದ ಮನೆ ಹನುಮಂತರಾಯಪ್ಪನ ಮಗಳು ವಸಂತಮ್ಮ, ಎಂಟು ತಿಂಗಳ ಬಸುರಿ, ಕೊನೆಯ ಮೆಟ್ಟಿಲಲ್ಲಿ ಕೂತು ತೆಂಗಿನ ಚಿಪ್ಪಿನಲ್ಲಿ ಕೆಸರುನೀರು ಬಳಿಯುತ್ತಿದ್ದಳು. ಮಾರಕ್ಕ ಬಿಂದಿಗೆ ಇಳಿಸಿ, ಮೆಟ್ಟಿಲಿಳಿದು ಅವಳ ತೋಳು ಹಿಡಿದು ಮೇಲೆ ಕರೆತಂದಳು.

"ಯಾರೂ ಇಲ್ದಾಗ ಒಸಿ ನೀರು ಊರಿರ್ತದೆ ಅಂತ ಬಂದೆ ದೊಡ್ಡಮ್ಮ."

ಮಾರಕ್ಕ ಅವಳಿಗೆ ನೀರು ಕುಡಿಸಿ, ಬಿಂದಿಗೆಯನ್ನು ಅವಳ ಮನೆ ಬಾಗಿಲವರೆಗೂ ಹೊತ್ತು ಇಟ್ಟಳು.

"ಕೆರೆಯಾಚೆ ಶೆಡ್ನಾಗೆ ಕೈಪಂಪೈತೆ. ನಿಮ್ಮವ್ವಂಗೇಳು. ಎಲ್ರಿಗೂ ಏಳ್ಳಿ," ಎಂದಳು.

ಮಾರನೆಯ ದಿನ ಮೂವತ್ತು ಹೆಂಗಸರು ಸಾಲಾಗಿ ಕೆರೆಯಂಗಳ ದಾಟಿದರು. ನಲ್ಲಪ್ಪ ಸಾಹುಕಾರರನ್ನು ಕೇಳಿ ಒಪ್ಪಿಗೆ ತಂದ: ಮನೆಗೆ ಎರಡು ಬಿಂದಿಗೆ, ಬೆಳಿಗ್ಗೆ ಮಾತ್ರ. ಮಧ್ಯಾಹ್ನ ಗೇಟಿಗೆ ಬೀಗ. ಅವನಿಗೆ ಸರದಿ ನೋಡುವುದು, ಜಗಳ ಬಿಡಿಸುವುದೇ ಕೆಲಸವಾಯಿತು. ಒಂದು ದಿನ ಸಾಲಿನ ಕೊನೆಯಲ್ಲಿ ಮಾರಕ್ಕನನ್ನು ಕಂಡು, "ಅಕ್ಕ, ಅಷ್ಟ್ ಹಿಂದೆ ಯಾಕೆ? ಮುಂದಕ್ ಬನ್ನಿ," ಎಂದ.

ಹೆಂಗಸರೆಲ್ಲ ತಿರುಗಿ ನೋಡಿದರು.

"ಬ್ಯಾಡಣ್ಣ. ಸರದಿ ಬರ್ಲಿ," ಎಂದಳು. ಆಮೇಲೆ ಅವನು ಕರೆಯಲಿಲ್ಲ.

ಭರಣಿಯೂ ಒಣಗಿಕೊಂಡೇ ಹೋಯಿತು. ಮೇ ನಡುವೆ ಕೃತ್ತಿಕೆ ಮೂರು ದಿನ ಹೊಡೆಯಿತು. ಕೆರೆಯಲ್ಲಿ ಮೊಣಕಾಲುದ್ದ ನೀರು ನಿಂತಿತು, ಬಾವಿ ಊರಿತು. ಆಚೆ ದಡಕ್ಕೆ ಹೋಗಲು ಯಾರಿಗೂ ಕಾರಣವಿರಲಿಲ್ಲ.

ಜೂನಿನಲ್ಲಿ ಒಂದು ಬೆಳಿಗ್ಗೆ ಮಾರಕ್ಕ ಯಾರಿಗೂ ಹೇಳದೆ ಏರಿಯ ದಾರಿ ಹಿಡಿದಳು. ಶೆಡ್ಡಿನಲ್ಲಿ ಯಂತ್ರ ಓಡುತ್ತಿತ್ತು. ಗೇಟಿನಲ್ಲಿ ಖಾಕಿ ತೊಟ್ಟ ಬೇರೊಬ್ಬನಿದ್ದ.

"ನಲ್ಲಪ್ಪನಾ? ಪೀಣ್ಯದ ಫ್ಯಾಕ್ಟ್ರಿಗೆ ಹಾಕಿದ್ರು, ಹದಿನೈದು ದಿನ ಆಯ್ತು. ಏನಾದ್ರೂ ಹೇಳ್ಬೇಕಾ? ವಾರಕ್ಕೊಂದ್ಸಲ ಲಾರಿ ಹೋಗುತ್ತೆ."

ಮಾರಕ್ಕ ಗೇಟಿನ ಹತ್ತಿರಕ್ಕೆ ಬಂದಳು.

"ವಸಂತಮ್ಮಂಗೆ ಎಣ್ಮಗು ಆಯ್ತು ಅಂತೇಳಿ."

"ಯಾರು ವಸಂತಮ್ಮ?"

"ಅವ್ರಿಗೂ ಗೊತ್ತಿಲ್ಲ. ಅವ್ರ್ ಕೊಟ್ಟ ನೀರು ಕುಡ್ದೋಳು. ಆದ್ರೂ ಏಳಿ. ಮಾರಕ್ಕ ಏಳಿದ್ಲು ಅಂತ."

ಅವನು ತಲೆಯಾಡಿಸಿದ. ಒಳಗಿನಿಂದ ಯಾರೋ ಕರೆದರೆಂದು ಹೊರಟುಹೋದ. ಮಾರಕ್ಕ ಗೇಟಿನ ಬಳಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಮತ್ತೆ ಏರಿಯ ಕಡೆ ನಡೆದಳು.