ಗೂಡ್ಸ್ ಶೆಡ್ಡಿನ ಮರೆ

ಹಾಲೋಬೆಕ್‌ಗೆ ರೈಲು ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಹಳಿ ಕಿತ್ತ ಜಾಗದಲ್ಲಿ ಹುಲ್ಲು ಬೆಳೆದು ಕುರಿ ಮೇಯುತ್ತಿದ್ದವು. ಆದರೆ ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ, ಜೋಡಿಸಿಟ್ಟ ಎರಡು ಹಲಗೆಗಳ ಮೇಲೆ, ವಿಲ್ಫ್ ಕಾಲ್ವರ್ಟ್ ಆ ನಿಲ್ದಾಣವನ್ನು ಪುಟ್ಟದಾಗಿ ಮತ್ತೆ ಎಬ್ಬಿಸಿ ನಿಲ್ಲಿಸಿದ್ದ. ತಂತಿಬಲೆ ಬಾಗಿಸಿ ಗುಡ್ಡ ಮಾಡಿ, ಅದರ ಮೇಲೆ ಪ್ಲಾಸ್ಟರ್ ಹಚ್ಚಿ, ಬಣ್ಣ ಕಲಸಿದ ಮರದ ಹೊಟ್ಟಿನಿಂದ ಹುಲ್ಲು ಹಾಸಿದ್ದ. ತೋಟದಲ್ಲಿ ಒಣಗಿದ ಹೂಗೊಂಚಲುಗಳು ಇಲ್ಲಿ ಮರಗಳಾಗಿದ್ದವು. ಹೊಲದ ಗೋಡೆಗಳ ಒಂದೊಂದು ಕಲ್ಲನ್ನೂ ಹಸಿ ಪ್ಲಾಸ್ಟರಿನಲ್ಲಿ ಸೂಜಿಯಿಂದ ಗೀಚಿದ್ದ. ಕುರಿಮಂದೆಯನ್ನು ಮಗಳಿಗೆ ವಹಿಸಿಕೊಟ್ಟ ಮೇಲೆ ಅವನಿಗೆ ಇದೇ ಕೆಲಸ. ಹಳಿ, ವೈರು, ಇಂಜಿನ್ನು ಇವೆಲ್ಲ ಬರ್ನಾರ್ಡ್ ಸ್ಟಾಕ್‌ಡೇಲ್‌ನ ಪಾಲು. ಬರ್ನಾರ್ಡ್ ಬಸ್ಸು ಓಡಿಸಿ ನಿವೃತ್ತನಾದವನು, ವೈರು ಬೇರೆಯವರು ಮುಟ್ಟಿದರೆ ಸಿಡುಕುತ್ತಿದ್ದ.

ಶನಿವಾರ ಪೇಟೆಯ ಪ್ರದರ್ಶನಕ್ಕೆ ಇದು ಹೋಗಬೇಕಿತ್ತು. ಆಮೇಲೆ ಊರಿನ ಸಭಾಮಂದಿರದಲ್ಲಿ ಶಾಶ್ವತವಾಗಿ ಇಡುವುದೆಂದು ತೀರ್ಮಾನವಾಗಿತ್ತು. ಹಾಗಾಗಿ ಬುಧವಾರ ಮಧ್ಯಾಹ್ನ ಊರವರು ಮೊದಲು ನೋಡಲಿ ಎಂದು ಅವರನ್ನು ಕರೆದಿದ್ದರು. ಟೀ ಇತ್ತು, ಹಣ್ಣಿನ ಕೇಕಿನ ಜೊತೆ ಚೀಸ್ ಚೂರುಗಳಿದ್ದವು. ಜನ ಬಂದು ತಮ್ಮ ಮನೆ ಎಲ್ಲಿದೆಯೆಂದು ಹುಡುಕಿದರು, ನಕ್ಕರು.

ಡೆನ್ನಿಸ್ ಆಲ್ಡರ್‌ಸನ್ ನಗಲಿಲ್ಲ. ಅವನು ಬಂದದ್ದೇ ಸಿಗ್ನಲ್ ಕ್ಯಾಬಿನ್ ನೋಡಲಿಕ್ಕೆ. ಕ್ಯಾಬಿನ್ನಿನ ಹಿಂದಿನ ಗೋಡೆಯನ್ನು, ಒಳಗಿನ ಪುಟ್ಟ ದೀಪ ಬದಲಿಸಲು ಅನುಕೂಲವಾಗಲೆಂದು, ವಿಲ್ಫ್ ಕಳಚುವಂತೆ ಮಾಡಿದ್ದ. ಡೆನ್ನಿಸ್ ಅದನ್ನು ಕಳಚಿ, ಬಗ್ಗಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ಅಲ್ಲಿಟ್ಟು ಎದುರಿನ ಕಿಟಕಿಯ ಮೂಲಕ ನೋಡಿದ. ಬಹಳ ಹೊತ್ತು ಹಾಗೇ ಇದ್ದ.

"ಎನಿಡ್, ಬಾ ಇಲ್ಲಿ," ಎಂದ ಅವನು, ಕಣ್ಣು ತೆಗೆಯದೆ. "ಬಂದು ನೋಡು. ನಿಮ್ಮಪ್ಪ ನಿಂತಿದ್ದ ಜಾಗದಿಂದ ದಾರಿ ಪೂರ್ತಿ ಕಾಣತ್ತೆ. ಗುಡ್ಡದ ತಿರುವಿನಿಂದ ಗೇಟಿನ ತನಕ."

ಎನಿಡ್ ರೇಸ್ಟ್ರಿಕ್ ಟೀ ಕಪ್ಪನ್ನು ಕೆಳಗಿಟ್ಟಳು.

ಅಲ್ಲಿದ್ದವರಿಗೆಲ್ಲ ವಿಷಯ ಗೊತ್ತಿತ್ತು. ಎನಿಡ್‌ಳ ಅಪ್ಪ ಆಮೋಸ್ ಈ ಕ್ಯಾಬಿನ್ನಿನಲ್ಲಿ ಕೆಲಸಕ್ಕಿದ್ದ. ರಸ್ತೆ ಹಳಿಯನ್ನು ದಾಟುವಲ್ಲಿದ್ದ ದೊಡ್ಡ ಗೇಟನ್ನು ಅವನು ಕ್ಯಾಬಿನ್ನಿನ ಒಳಗಿನ ಚಕ್ರ ತಿರುಗಿಸಿ ರೈಲು ಬರುವ ಮೊದಲು ಮುಚ್ಚಬೇಕಿತ್ತು. ಡೆನ್ನಿಸನ ಅಪ್ಪ ರೂಬೆನ್ ದಿನಾ ಬೆಳಗ್ಗೆ ಹಾಲಿನ ಕ್ಯಾನುಗಳನ್ನು ಕುದುರೆ ಬಂಡಿಯಲ್ಲಿ ತರುತ್ತಿದ್ದ. ಒಂದು ದಿನ ಅವನು ದಾಟುವ ಹೊತ್ತಿಗೇ ಆಮೋಸ್ ಗೇಟು ತಿರುಗಿಸಿದ. ಗೇಟು ಕುದುರೆಯ ಎದೆಗೆ ಬಡಿಯಿತು, ಕುದುರೆ ಬೆದರಿತು, ಬಂಡಿ ಮಗುಚಿ ರೂಬೆನ್ ಅಡಿಗೆ ಸಿಕ್ಕಿ ಸತ್ತ. ಮಧ್ಯೆ ಗೂಡ್ಸ್ ಶೆಡ್ ಇತ್ತು, ಬಂಡಿ ಕಾಣಲಿಲ್ಲ ಎಂದು ಆಮೋಸ್ ಹೇಳಿದ. ಯಾರ ತಪ್ಪೂ ಅಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆದರೆ ಆಲ್ಡರ್‌ಸನ್ನರು ಒಪ್ಪಲಿಲ್ಲ. ರೈಲು ತಡವಾದರೆ ಬೈಸಿಕೊಳ್ಳಬೇಕಲ್ಲ ಎಂದು ಅವನು ನೋಡಿಯೂ ತಿರುಗಿಸಿದ ಎಂದೇ ಅವರು ಹೇಳಿಕೊಂಡು ಬಂದರು. ಆಮೋಸ್ ಕೊನೆಕೊನೆಗೆ ಊರೊಳಗೆ ಬರುವುದನ್ನೇ ಬಿಟ್ಟಿದ್ದ.

ಎನಿಡ್ ಬಗ್ಗಿ ನೋಡಿದಳು. ನೆಟ್ಟಗಾದಳು. ಕೋಟು ತೆಗೆದುಕೊಂಡು ಹೊರಗೆ ಹೋದಳು. ಅವಳ ಕಪ್ಪಿನಲ್ಲಿ ಟೀ ಹಾಗೇ ಇತ್ತು.

"ನಾನೇನೂ ಹೇಳಿಲ್ಲಪ್ಪ," ಎಂದ ಡೆನ್ನಿಸ್ ಸುತ್ತ ನೋಡುತ್ತ. "ವಿಲ್ಫ್ ಕಟ್ಟಿದಾನೆ, ನಾನು ನೋಡ್ದೆ. ಅಷ್ಟೆ."

ವಿಲ್ಫ್‌ನ ತಲೆಗೆ ತಪ್ಪು ಎಲ್ಲಾಯಿತೆಂದು ತಕ್ಷಣ ಹೊಳೆಯಿತು. ಮಾದರಿ ರೈಲು ಕಟ್ಟುವವರೆಲ್ಲ ಮಾಡುವುದನ್ನೇ ಅವನೂ ಮಾಡಿದ್ದ. ಇಡೀ ನಿಲ್ದಾಣ ಅಳತೆಯ ಪ್ರಕಾರ ಹಲಗೆಯ ಮೇಲೆ ಹಿಡಿಯುವುದಿಲ್ಲ. ಕಟ್ಟಡಗಳನ್ನು ಸರಿಯಾಗಿ ಕಟ್ಟಿ ನಡುವಿನ ಖಾಲಿ ಜಾಗವನ್ನು ಹಿಂಡುತ್ತಾರೆ. ನೋಡುವವರಿಗೆ ಅದು ತಿಳಿಯುವುದೂ ಇಲ್ಲ. ಕ್ಯಾಬಿನ್ನಿನಿಂದ ರಸ್ತೆಗಿದ್ದ ದೂರವನ್ನು ವಿಲ್ಫ್ ಒಂದು ಗೇಣಿನಷ್ಟು ಹಿಂಡಿದ್ದ. ಆಗ ಗೂಡ್ಸ್ ಶೆಡ್ ಇಕ್ಕಟ್ಟಾಗಿ ಕಂಡದ್ದರಿಂದ ಅದನ್ನು ಮೂರು ಬೆರಳು ಹಿಂದಕ್ಕೆ ಸರಿಸಿದ್ದ, ದಾರಿಗಿದ್ದ ಮರೆ ಹೋದದ್ದು ಅದರಿಂದಲೇ. ಆ ಕಿಟಕಿಯಲ್ಲಿ ಯಾರಾದರೂ ಕಣ್ಣಿಟ್ಟು ನೋಡಿಯಾರು ಎಂದು ಅವನಿಗೆ ಹೊಳೆದಿರಲಿಲ್ಲ.

ಮರುದಿನ ಬೆಳಗ್ಗೆ ಅವನು ಎನಿಡ್‌ಳ ಮನೆಗೆ ಹೋಗಿ ಅಷ್ಟನ್ನೂ ಹೇಳಿದ. ಅವಳು ಬಾಗಿಲಲ್ಲೇ ನಿಂತು ಕೇಳಿದಳು.

"ಅಂದ್ರೆ ನೀನು ಕಟ್ಟಿದ್ದು ಸುಳ್ಳು."

"ಸುಳ್ಳು ಅಂತಲ್ಲ ಎನಿಡ್. ಜಾಗ ಸಾಲಲಿಲ್ಲ."

"ಅದನ್ನ ಸಭಾಮಂದಿರದಲ್ಲಿ ಇಡ್ತೀರಿ. ಮಕ್ಕಳು ಬಂದು ಕಣ್ಣಿಟ್ಟು ನೋಡ್ತಾವೆ. ನಾನು ಪ್ರತಿಯೊಬ್ಬರ ಹಿಂದೆ ನಿಂತು ಜಾಗ ಸಾಲಲಿಲ್ಲ ಅಂತ ಹೇಳ್ಲಾ?"

"ಸರಿ ಮಾಡ್ತೀನಿ. ಅಳತೆ ಪ್ರಕಾರ." ವಿಲ್ಫ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. "ಆದ್ರೆ ಒಂದ್ಮಾತು. ಸರಿ ಮಾಡಿದ ಮೇಲೂ ಕಂಡರೆ?"

ಎನಿಡ್ ಆ ಕ್ಯಾಬಿನ್ನಿನೊಳಗೆ ಯಾವತ್ತೂ ಹತ್ತಿರಲಿಲ್ಲ, ಮಕ್ಕಳನ್ನು ಮೇಲೆ ಬಿಡುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮೆಟ್ಟಿಲ ಬುಡದಲ್ಲಿ ಊಟದ ಡಬ್ಬಿ ಕೊಟ್ಟು ಓಡುತ್ತಿದ್ದಳು. ಅಪ್ಪ ಹೇಳಿದ್ದನ್ನು ನಂಬಿದ್ದಳು, ಅಷ್ಟೇ.

"ಡೆನ್ನಿಸ್‌ನ ಕರಿ," ಎಂದಳು ಕೊನೆಗೆ. "ಅಳತೆ ಟೇಪಿನ ಇನ್ನೊಂದು ತುದಿ ಅವನೇ ಹಿಡೀಲಿ. ಆಮೇಲೆ ತಕರಾರು ಬೇಡ."

ಹಳೆಯ ನಿಲ್ದಾಣವಿದ್ದ ಜಾಗಕ್ಕೆ ಡೆನ್ನಿಸ್ ಬಂದ. ಜೀವನವಿಡೀ ಗಾರೆಯಿಲ್ಲದ ಕಲ್ಲುಗೋಡೆ ಕಟ್ಟಿದವನು, ಬೆರಳುಗಳು ಬೇರಿನಂತಿದ್ದವು. "ನನಗೇನು ಭಯವಾ? ಅಳೀರಿ," ಎಂದ. ತುರಚೆ ಗಿಡಗಳ ನಡುವೆ ಕ್ಯಾಬಿನ್ನಿನ ಕಲ್ಲಿನ ಬುಡ ಇನ್ನೂ ಇತ್ತು. ಶೆಡ್ಡಿನ ಅಡಿಪಾಯವನ್ನು ಅವನೇ ಬೂಟಿನಿಂದ ಹುಲ್ಲು ಸವರಿ ತೋರಿಸಿದ. "ಇದು ಮೂಲೆಗಲ್ಲು. ಇದಕ್ಕೆ ಹಿಡಿ, ಅದಕ್ಕಲ್ಲ." ಗೇಟಿನ ಕಂಬದ ಬುಡವನ್ನೂ ಹುಡುಕಿ ಕೊಟ್ಟ. ಎನಿಡ್ ದೂರದ ಗೋಡೆಯ ಬಳಿ ಕೈಕಟ್ಟಿ ನಿಂತಿದ್ದಳು.

ಬರ್ನಾರ್ಡ್‌ಗೆ ವಿಷಯ ಗೊತ್ತಾದದ್ದು ಶುಕ್ರವಾರ ಬೆಳಗ್ಗೆ, ವಿಲ್ಫ್ ಗರಗಸ ಹಿಡಿದು ನಿಂತಿದ್ದಾಗ.

"ತಲೆ ಕೆಟ್ಟಿದ್ಯಾ ನಿಂಗೆ? ನಾಳೆ ಪ್ರದರ್ಶನ!"

"ಗೊತ್ತು."

"ಕ್ಯಾಬಿನ್ನಿಗೂ ಶೆಡ್ಡಿಗೂ ಮಧ್ಯೆ ಕುಯ್ದರೆ ನನ್ನ ವೈರೆಲ್ಲ ಹೋಗತ್ತೆ. ರೈಲು ಓಡದೇ ಇದ್ರೆ ಅದು ರೈಲಲ್ಲ ಮಾರಾಯ, ಗೊಂಬೆ ಮನೆ! ಬೇಕಾದ್ರೆ ರಟ್ಟಿನಲ್ಲಿ ಬೇರೆ ಮಾಡಿ ತೋರಿಸು ಅವರಿಗೆ."

"ರಟ್ಟನ್ನ ಯಾರು ನಂಬ್ತಾರೆ? ನಾಳೆಯಿಂದ ಜನ ನೋಡೋದು ಇದನ್ನ."

"ನಂಬದಿದ್ರೆ ಬಿಡ್ಲಿ! ಸತ್ತವರಿಗೋಸ್ಕರ ನನ್ನ ಹಳಿ ಯಾಕೆ ಕುಯ್ಯಬೇಕು?"

ವಿಲ್ಫ್ ಗರಗಸವನ್ನು ಹಲಗೆಯ ಅಂಚಿಗೆ ಇಟ್ಟ. ಬರ್ನಾರ್ಡ್ ಅವನ ಮಣಿಕಟ್ಟು ಹಿಡಿದುಕೊಂಡ. ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ವಿಲ್ಫ್ ಕೈ ಬಿಡಿಸಿಕೊಳ್ಳಲಿಲ್ಲ, ಗರಗಸ ಕೆಳಗಿಡಲೂ ಇಲ್ಲ.

"ನಾನು ಇಟ್ಟ ಶೆಡ್ಡು ಒಬ್ಬ ಮನುಷ್ಯನ್ನ ಕೊಲೆಗಾರ ಮಾಡ್ತಿದೆ ಬರ್ನಾರ್ಡ್."

ಬರ್ನಾರ್ಡ್ ಉಸಿರು ಬಿಟ್ಟ. ಹಿಡಿತ ಸಡಿಲಾಯಿತು. "ತಡಿ. ಮೊದಲು ನಾನು ವೈರು ಬಿಚ್ತೀನಿ. ನೀನು ಮುಟ್ಟಿದ್ರೆ ಎಲ್ಲ ಹಾಳು," ಎನ್ನುತ್ತ ಮೇಜಿನಡಿಗೆ ತೂರಿದ.

ಗರಗಸ ಪ್ಲಾಸ್ಟರಿನ ಹೊಲವನ್ನು ಸೀಳಿಕೊಂಡು ಹೋಯಿತು. ಬಿಳಿ ಧೂಳು ಹಸಿರು ಹುಲ್ಲಿನ ಮೇಲೆ ಕೂತಿತು. ನಡುವೆ ಹೊಸ ಹಲಗೆ ಸೇರಿಸಿ, ಒಂದು ಅಡಿಗೆ ನಾಲ್ಕು ಮಿಲಿಮೀಟರ್‌ನಂತೆ ಅಳೆದು, ವಿಲ್ಫ್ ಗೂಡ್ಸ್ ಶೆಡ್ಡನ್ನು ಬುಡದಿಂದ ಕಿತ್ತು ಅದರ ನಿಜವಾದ ಜಾಗದಲ್ಲಿ ಕೂರಿಸಿದ. ಆದರೆ ಕಿಟಕಿಯಲ್ಲಿ ತಾನು ಕಣ್ಣಿಟ್ಟು ನೋಡಲಿಲ್ಲ. ಬರ್ನಾರ್ಡ್ ನೋಡಹೋದಾಗ, "ಬೇಡ, ಅವರೇ ಮೊದಲು ನೋಡ್ಲಿ," ಎಂದು ತಡೆದ.

ಮಧ್ಯಾಹ್ನ ಎನಿಡ್, ಡೆನ್ನಿಸ್ ಇಬ್ಬರೂ ಬಂದರು. ಡೆನ್ನಿಸ್ ತಾನೇ ಟೇಪು ತೆಗೆದು, ಶೆಡ್ಡಿನ ಮೂಲೆಯಿಂದ ಗೇಟಿನ ಕಂಬಕ್ಕೆ ಒಮ್ಮೆ, ಕ್ಯಾಬಿನ್ನಿಗೆ ಒಮ್ಮೆ ಅಳೆದ. ತಲೆಯಾಡಿಸಿದ. ಎನಿಡ್ ಗುಡ್ಡದ ತಿರುವಿನಲ್ಲಿ ವಿಲ್ಫ್ ಇಟ್ಟಿದ್ದ ಹಾಲಿನ ಬಂಡಿಯನ್ನು ನೋಡುತ್ತಿದ್ದಳು. ಬಂಡಿ, ಕಂದು ಕುದುರೆ, ಮೂರು ಕ್ಯಾನು, ಕೂತ ಗಂಡಸು. ಎಲ್ಲ ಸೇರಿ ಅವಳ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು.

"ಮೊದಲು ನೀನು ನೋಡು," ಎಂದ ವಿಲ್ಫ್ ಅವಳಿಗೆ.

"ಬೇಡ. ಬಂಡಿ ಕಾಣಲ್ಲ ಅಂತ ನಾನು ಹೇಳಿದ್ರೆ ಯಾರೂ ನಂಬಲ್ಲ. ಅವನು ನೋಡ್ಲಿ." ಅವಳು ಬಂಡಿಯ ಹಿಂದೆ ಬೆರಳಿಟ್ಟಳು. "ಡೆನ್ನಿಸ್, ನಾನು ಇದನ್ನ ನಿಧಾನಕ್ಕೆ ತಳ್ತೀನಿ. ನಿಂಗೆ ಕಂಡ ತಕ್ಷಣ ಹೇಳು."

ಡೆನ್ನಿಸ್ ಅವಳ ಮುಖ ನೋಡಿದ. "ನಾನು ಸುಳ್ಳು ಹೇಳಿದ್ರೆ?"

"ಹೇಳು. ನಿನ್ನಿಷ್ಟ."

ಅವನು ಮಂಡಿಯೂರಿದ, ಮೂಳೆ ಲಟಕ್ಕೆಂದಿತು. ಕ್ಯಾಬಿನ್ನಿನ ಹಿಂಬದಿಗೆ ಕಣ್ಣು ಒತ್ತಿದ. ಎನಿಡ್ ತಳ್ಳತೊಡಗಿದಳು.

ಬಂಡಿ ತಿರುವು ಬಿಟ್ಟಿತು. ಡೆನ್ನಿಸ್ ಮಾತಾಡಲಿಲ್ಲ. ಗೋಡೆಗಳ ನಡುವೆ ಇಳಿಯಿತು. ಬುಧವಾರ ಇದೇ ಜಾಗ ಅವನಿಗೆ ಪೂರ್ತಿ ಕಂಡಿತ್ತು. ಬರ್ನಾರ್ಡ್ ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಹಾಗೇ ಹಿಡಿದು ನಿಂತಿದ್ದ. ಎನಿಡ್ ತಳ್ಳಿದಂತೆಲ್ಲ ಕುದುರೆಯ ಕಾಲು ರಸ್ತೆಯ ಮೇಲೆ ಸಣ್ಣಗೆ ಟಕಟಕ ಬಡಿಯುತ್ತಿತ್ತು. ಬಂಡಿ ಶೆಡ್ಡಿನ ಹಿಂದಿನ ಮೂಲೆಗೆ ಬಂತು. ಈಗಲಾದರೂ ಅವನು ಹೇಳಬಹುದಿತ್ತು. ಹೇಳಿದ್ದರೆ ಅದು ಸುಳ್ಳೆಂದು ಯಾರೂ ಸಾಧಿಸುವಂತಿರಲಿಲ್ಲ. ಬಂಡಿ ಶೆಡ್ಡಿನ ಉದ್ದಕ್ಕೂ ಸರಿಯಿತು. ಎನಿಡ್ ಕಣ್ಣು ಮುಚ್ಚಿಕೊಂಡಳು, ಬೆರಳು ಮಾತ್ರ ಮುಂದೆ ಹೋಗುತ್ತಿತ್ತು.

"ಈಗ," ಎಂದ ಡೆನ್ನಿಸ್.

ಅವಳು ಕಣ್ಣು ತೆರೆದಳು. ಕುದುರೆಯ ಮೂತಿ ಗೇಟಿನ ಕಂಬವನ್ನು ದಾಟಿತ್ತು.

"ಮತ್ತೊಂದ್ಸಲ ತಳ್ಳು," ಎಂದ ಅವನು.

ಅವಳು ಬಂಡಿಯನ್ನು ತಿರುವಿಗೆ ಒಯ್ದು ಮತ್ತೆ ತಳ್ಳಿದಳು. ಅವನು ಮತ್ತೆ ಅದೇ ಜಾಗದಲ್ಲೇ ಈಗ ಎಂದ. ಆದರೆ ಎದ್ದು ಬರಲಿಲ್ಲ.

"ಕುದುರೆ ಮೂತಿ ಒಂದೇ ಕಾಣತ್ತೆ," ಎಂದ ಕೊನೆಗೆ, ಕಿಟಕಿಯೊಳಕ್ಕೇ. "ಅಪ್ಪ ಕಾಣಲ್ಲ. ಅಪ್ಪ ಇನ್ನೂ ಶೆಡ್ಡಿನ ಹಿಂದೆ ಇದಾನೆ."

ವಿಲ್ಫ್ ಅವನ ತೋಳು ಹಿಡಿದು ಎಬ್ಬಿಸಿದ. ಡೆನ್ನಿಸ್ ಪ್ಯಾಂಟಿನ ಮಂಡಿಗೆ ಹತ್ತಿದ್ದ ಪ್ಲಾಸ್ಟರ್ ಧೂಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೊಡವಿದ.

"ಬಂಡಿ ಅಲ್ಲೇ ಇರ್ಲಿ," ಎಂದ. "ತೆಗೀಬೇಡಿ. ಎನಿಡ್, ಆಗಬಹುದಾ?"

"ಇರ್ಲಿ," ಎಂದಳು ಅವಳು.

ವಿಲ್ಫ್ ಚಕ್ರಗಳ ಅಡಿಗೆ ಅಂಟಿನ ಹನಿ ಬಿಟ್ಟು ಒತ್ತಿಹಿಡಿದ. ಆಮೇಲೆ ಗೇಟಿನ ಮೇಲೆ ಬೆರಳಿಟ್ಟು ಇಬ್ಬರ ಕಡೆಗೂ ನೋಡಿದ. "ಇದು? ಮುಚ್ಚಲಾ, ತೆರೆದಿರ್ಲಾ?"

"ತೆರೆದಿರ್ಲಿ," ಎಂದಳು ಎನಿಡ್. "ಬಂಡಿ ಹೋಗ್ಲಿ ಮೊದಲು."

"ಏನಮ್ಮ ಇದು?" ಬರ್ನಾರ್ಡ್ ತಾಳಲಾರದೆ ಬಾಯಿ ಹಾಕಿದ. "ಗೇಟು ರಸ್ತೆಗೆ ತೆರೆದಿದ್ರೆ ಹಳಿಗೆ ಅಡ್ಡ ಇರತ್ತೆ. ನಾಳೆ ಜನರ ಮುಂದೆ ನನ್ನ ರೈಲು ಹೇಗೆ ಹೋಗ್ಬೇಕು?"

ಡೆನ್ನಿಸ್ ತನ್ನ ಕ್ಯಾಪು ಹಾಕಿಕೊಂಡ.

"ಕಾಯ್ಲಿ," ಎಂದ.